ಅಂಚು ಕೆಡಬಾರದು ಎಂದವರಿಗೆ

ನನಗೆ ಮರೆವು ಕಡಿಮೆ. ನನ್ನ ಗಂಡ ಇದನ್ನು ರೋಗ ಎನ್ನುತ್ತಾರೆ, ನಾನು ಆಸ್ತಿ ಎನ್ನುತ್ತೇನೆ. ಯಾವ ಮದುವೆಯಲ್ಲಿ ಯಾರು ನನ್ನನ್ನು ಕಂಡೂ ಕಾಣದವರಂತೆ ಹೋದರು, ನಮ್ಮ ಮನೆಯ ಚಹಾ ಕುಡಿದು ಹೊರಗೆ ಹೋಗಿ ಸಕ್ಕರೆ ಕಡಿಮೆ ಇತ್ತು ಎಂದವರು ಯಾರು, ಎಲ್ಲವೂ ನನ್ನ ತಲೆಯಲ್ಲಿ ಭದ್ರವಾಗಿದೆ. ಆದರೆ ಅವೆಲ್ಲ ಚಿಲ್ಲರೆ ಸಿಟ್ಟುಗಳು, ಒಂದು ಹಬ್ಬ ಬಂದರೆ ಕರಗಿ ಹೋಗುತ್ತವೆ. ಕರಗದೆ ಉಳಿದದ್ದು ಒಂದೇ, ಅದು ರಬಕವಿಯ ಒಬ್ಬ ಸೀರೆ ಸಾವಕಾರರ ಮೇಲಿನದು. ಅವರು ನನ್ನ ಅವ್ವನಿಗೆ ಮಾಡಿದ್ದಕ್ಕೆ ಒಂದು ದಿನ ಉತ್ತರ ಕೊಡಬೇಕು, ಮಂದಿ ನೋಡುವ ಹಾಗೆ ಕೊಡಬೇಕು ಎಂದು ಎಂಟನೆಯ ಇಯತ್ತೆಯಲ್ಲಿದ್ದಾಗಲೇ ತೀರ್ಮಾನಿಸಿದ್ದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅವ್ವ ಬನಹಟ್ಟಿಯಲ್ಲಿ ಸೀರೆ ನೇಯುತ್ತಿದ್ದಳು. ಓಣಿಯ ಉಳಿದ ಮನೆಗಳಿಗೆ ಪಾವರ್‌ಲೂಮು ಬಂದು, ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸದ್ದಾಗುತ್ತಿದ್ದ ಕಾಲದಲ್ಲೂ ನಮ್ಮ ಪಡಸಾಲೆಯಲ್ಲಿ ಕುಣಿಮಗ್ಗವೇ ಇತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳೆಂದರೆ ಅವಳು ಏಳುತ್ತಿದ್ದುದು ರೊಟ್ಟಿ ಬಡಿಯುವ ಹೊತ್ತಿಗೆ. ನೂಲು ರಬಕವಿಯ ಸಾವಕಾರರದು, ನೇಯ್ಗೆ ಅವಳದು, ಮುಗಿದ ಸೀರೆ ಮತ್ತೆ ಸಾವಕಾರರದು. ಒಂದು ದಿನ ಎಳೆಗೆ ಹಚ್ಚುವ ಗಂಜಿ ನೆಲಕ್ಕೆ ಚೆಲ್ಲಿತು. ಅದನ್ನು ತಿನ್ನಲು ಬಂದ ಗುಬ್ಬಿಗಳು ಹಸಿ ಗಂಜಿ ತುಳಿದು, ಒಣ ನೆಲದ ಮೇಲೆಲ್ಲ ಹೆಜ್ಜೆ ಮೂಡಿಸಿ ಹೋದವು. ಅಜ್ಜಿ ಬೈದರೂ ಅವ್ವ ಆ ಜಾಗವನ್ನು ಸಾರಿಸಲಿಲ್ಲ. ಬಾಗಿ ನೋಡುವುದು, ಮಗ್ಗಕ್ಕೆ ಹೋಗಿ ಕೂರುವುದು, ಮತ್ತೆ ಎದ್ದು ಬಂದು ನೋಡುವುದು. ಮುಂದಿನ ಸೀರೆಯ ಸೆರಗಿನಲ್ಲಿ ಕೆಂಪು ನೆಲದ ಮೇಲೆ ಬಿಳಿ ಎಳೆಯಲ್ಲಿ ಆ ಹೆಜ್ಜೆಗಳು ಸಾಲಾಗಿ ಬಂದವು. ಅವಳು ಅದನ್ನು ಗುಬ್ಬಿ ಹೆಜ್ಜಿ ಎಂದು ಕರೆದಳು. ಆ ಸೆರಗನ್ನು ಬನಹಟ್ಟಿಯಲ್ಲಾಗಲಿ ರಬಕವಿಯಲ್ಲಾಗಲಿ ಅದಕ್ಕೆ ಮೊದಲು ಯಾರೂ ನೇಯ್ದಿರಲಿಲ್ಲ. ಸಾವಕಾರರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಛಲೋ ಆಗಿದೆ ಎಂದು ಸಹ ಹೇಳಲಿಲ್ಲ, ಅದೇ ಸೆರಗಿಗೆ ಮತ್ತಷ್ಟು ನೂಲು ಕಳಿಸಿದರು.

ಆ ವರ್ಷ ಸಾವಕಾರರು ಅಂಗಡಿಯ ಕ್ಯಾಲೆಂಡರಿಗೆ ಫೋಟೋ ತೆಗೆಸಿದರು. ವರ್ಷಾ ವರ್ಷ ದೇವರ ಚಿತ್ರ ಹಾಕಿಸುತ್ತಿದ್ದವರಿಗೆ ಆ ಸಲ ತಮ್ಮ ಮನೆತನವೇ ಸೀರೆ ಹಿಡಿದು ನಿಂತರೆ ಚೆಂದ ಅನ್ನಿಸಿತ್ತು. ಮುಗಿದ ಸೀರೆ ಕೊಡಲು ಅವ್ವ ಅವತ್ತೇ ಅಂಗಡಿಗೆ ಹೋಗಿದ್ದಳು, ಜೊತೆಯಲ್ಲಿ ನಾನೂ ಇದ್ದೆ. ಅವಳು ತಂದ ಸೀರೆಯನ್ನೇ ಬಿಡಿಸಿ ಅಡ್ಡಕ್ಕೆ ಹಿಡಿದರು. ಬಲತುದಿಯನ್ನು ಕಂಬಕ್ಕೆ ಕಟ್ಟಿದರು. ನಡುವೆ ಸೀರೆಯ ಹಿಂದೆ ಸಾವಕಾರರು, ಅವರ ತಮ್ಮಂದಿರು, ಮಕ್ಕಳು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಾಗಿ ನಿಂತರು. ಎಡತುದಿಯ ಸೆರಗು ಮಾತ್ರ ಜೋತು ಬೀಳುತ್ತಿತ್ತು. ಹಿಡಿದುಕೊಳ್ಳಲು ಅವ್ವನನ್ನು ಕರೆದರು. ಅವಳು ಎರಡೂ ಕೈಯಲ್ಲಿ ಸೆರಗಿನ ತುದಿಯನ್ನು ಗಲ್ಲದ ಮಟ್ಟಕ್ಕೆ ಎತ್ತಿ ನಿಂತಳು.

ಫೋಟೋದವರು ಕ್ಯಾಮೆರಾದಿಂದ ತಲೆ ಎತ್ತಿ, "ಸಾವಕಾರ್ರ, ಈ ಹೆಣ್ಮಗಳೂ ಫೋಟೋದಾಗ ಬರ್ತಾಳ್ರಿ," ಎಂದರು.

"ಅಕಿ ಸೆರಗ ಹಿಡಿಯಾಕ ಬಂದಾಳ, ಫೋಟೋಕ್ಕಲ್ಲ," ಎಂದರು ಸಾವಕಾರರು. ಆಮೇಲೆ ಅವ್ವನ ಕಡೆ ನೋಡದೆಯೇ, "ಅತ್ಲಾಗ ಮುಖಾ ಮಾಡವಾ. ನಿನ್ನ ಯಾರ ನೋಡ್ತಾರ," ಎಂದರು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಫೋಟೋದವರು ನಕ್ಕರು, ಸಾವಕಾರರ ಮಗ ನಕ್ಕ, ಬಟ್ಟೆ ಮಡಚುವ ಆಳುಗಳೂ ನಕ್ಕರು. ಗಾದಿಯ ಪಕ್ಕ ನಿಂತಿದ್ದ ನನ್ನ ಕಿವಿ ಕಾದು ಕೆಂಪಾಯಿತು. ಅವ್ವ ಮುಖ ತಿರುಗಿಸಿದಳೋ ಇಲ್ಲವೋ ನಾನು ನಿಂತ ಕಡೆಯಿಂದ ಕಾಣಲಿಲ್ಲ.

ಕ್ಯಾಲೆಂಡರು ಅಚ್ಚಾಗಿ ಬಂದಾಗ ಅವಳ ಮುಖ ಇರಬೇಕಾದ ಜಾಗದಲ್ಲಿ ಅಂಗಡಿಯ ಗುಂಡನೆಯ ಮುದ್ರೆ ಕೂತಿತ್ತು. ಮುದ್ರೆಯ ಕೆಳಗೆ ಸೆರಗು ಹಿಡಿದ ಬೆರಳುಗಳಷ್ಟೇ ಉಳಿದಿದ್ದವು. ಚಿತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ, ಜಮಖಂಡಿಯ ಅರಮನೆಗೆ ತಮ್ಮ ಹಿರಿಯರು ಕೊಡುತ್ತಿದ್ದ ಸೆರಗು ಇದು, ಅರಮನೆ ಸೆರಗು ಎಂದು ಬರೆಸಿದ್ದರು. ಯಾರದೋ ರೊಕ್ಕ, ಯಲ್ಲಮ್ಮನ ಜಾತ್ರೆ. ನಾನು ಅದನ್ನು ಹರಿದು ಒಲೆಗೆ ಹಾಕಲು ಹೋದರೆ ಅವ್ವ ಕಸಿದುಕೊಂಡು ಗೋಡೆಗೆ ತೂಗುಹಾಕಿದಳು. "ಹೋಗ್ಲಿ ಬಿಡ. ಅದರಾಗ ಅಮಾಸಿ ಹುಣ್ಣಮಿ ಬರದಾರ, ಬೇಕಾಗ್ತೈತಿ," ಎಂದಳು. ಅವಳ ಈ ‘ಹೋಗ್ಲಿ ಬಿಡ’ ಎಂಬ ಮಾತಿನ ಮೇಲೆ ನನಗಿದ್ದ ಸಿಟ್ಟು ಸಾವಕಾರರ ಮೇಲಿನ ಸಿಟ್ಟಿಗಿಂತ ಬಹಳ ಕಡಿಮೆಯೇನೂ ಇರಲಿಲ್ಲ.

ಈಗ ನನಗೆ ಜಮಖಂಡಿಯಲ್ಲಿ ಸಣ್ಣ ಅಂಗಡಿಯಿದೆ, ಕೋರ್ಟಿನ ಕಡೆಯ ರಸ್ತೆಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ವೆಬ್‌ಸೈಟ್ ಮಾಡಿಕೊಡುತ್ತೇನೆ. ಬೆಲ್ಲದ ವ್ಯಾಪಾರಿಗಳು, ಹಲ್ಲಿನ ಡಾಕ್ಟರು, ಬೀಳಗಿಯ ಬೀಜ ಗೊಬ್ಬರದ ಅಂಗಡಿಯವರು, ಇಂಥವರೇ ನನ್ನ ಗಿರಾಕಿಗಳು. ಮೊಣಕಾಲು ಕುಣಿಗೆ ಇಳಿಯಲು ಒಲ್ಲೆ ಎಂದ ಮೇಲೆ ಅವ್ವ ಮಗ್ಗ ಬಿಟ್ಟು ನಮ್ಮ ಜೊತೆಗೇ ಇದ್ದಾಳೆ. ಟಿವಿ ನೋಡುತ್ತಾಳೆ, ಟಿವಿಯಲ್ಲಿ ಹೆಂಗಸರು ಉಟ್ಟ ಸೀರೆಗಳನ್ನು ಬೈಯುತ್ತಾಳೆ.

ಕಳೆದ ವರ್ಷ ಒಂದು ಮಧ್ಯಾಹ್ನ ಆ ಸಾವಕಾರರ ಮಗ ಮೆಟ್ಟಿಲು ಹತ್ತಿ ನನ್ನ ಅಂಗಡಿಗೆ ಬಂದರು. ಅಪ್ಪನಿಗೆ ವಯಸ್ಸಾಗಿ ವ್ಯವಹಾರವೆಲ್ಲ ಈಗ ಅವರ ಕೈಯಲ್ಲಿತ್ತು. ಎಲ್ಲರೂ ಅವರನ್ನು ಸಣ್ಣ ಸಾವಕಾರರು ಎನ್ನುತ್ತಾರೆ, ಹೊಟ್ಟೆ ನೋಡಿದರೆ ಸಣ್ಣ ಎನ್ನಲು ಕಾರಣವೇನೂ ಇಲ್ಲ. ಜಮಖಂಡಿಯಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದೇವೆ, ಆ ದಿನವೇ ವೆಬ್‌ಸೈಟೂ ಶುರುವಾಗಬೇಕು ಎಂದರು. ನಾನು ಗುರುತು ಹಿಡಿದೆ, ಅವರು ಹಿಡಿಯಲಿಲ್ಲ. ನಮ್ಮ ಕಡೆ ಕೇಳದೆ ಬಿಡದ ಪ್ರಶ್ನೆಯನ್ನು ಕೇಳಿದರು.

"ಅಕ್ಕಾರ, ನೀವು ಯಾರ ಪೈಕಿ?"

"ಮುಧೋಳದವರ ಪೈಕಿರಿ," ಎಂದೆ. ಗಂಡನ ಮನೆ ಮುಧೋಳವೇ, ಸುಳ್ಳೇನಲ್ಲ. ತವರುಮನೆ ಯಾವುದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಸೀರೆಗಳ ಫೋಟೋ ಇದ್ದ ಪೆನ್‌ಡ್ರೈವ್ ಕೊಟ್ಟು, ಮುಖಪುಟಕ್ಕೆ ಹಾಕಬೇಕಾದ ಚಿತ್ರವೂ ಅದರಲ್ಲೇ ಇದೆ ಎಂದು ಹೇಳಿ ಹೋದರು. ಸಂಜೆ ಅದನ್ನು ತೆರೆದೆ. ಅದೇ ಫೋಟೋ. ಕ್ಯಾಲೆಂಡರಿಗೆ ಕೊಡುವ ಮೊದಲಿನ ಮೂಲ ಪ್ರತಿ, ಮೇಲೆ ಮುದ್ರೆ ಇಲ್ಲ. ಎಡ ಅಂಚಿಗೆ ಅವ್ವ ನಿಂತಿದ್ದಾಳೆ, ಕೈಯಲ್ಲಿ ಸೆರಗು. ಅವಳು ಮುಖ ತಿರುಗಿಸಿರಲಿಲ್ಲ. ಕ್ಯಾಮೆರಾವನ್ನೇ ನೇರ ದಿಟ್ಟಿಸಿ ನಿಂತಿದ್ದಳು, ಕಣ್ಣಿನಲ್ಲಿ ನಗುವೂ ಇಲ್ಲ, ನೀರೂ ಇಲ್ಲ. ಆಗ ಅವಳಿಗೆ ಇರಬಹುದಾದ ವಯಸ್ಸು ಈಗ ನನಗಿದೆ. ನಾನು ಕುರ್ಚಿಯಲ್ಲಿ ಕೂತು ಅತ್ತೆ, ಅತ್ತು ಮುಗಿದ ಮೇಲೆ ಹಲ್ಲು ಕಡಿದೆ. ಈ ಮುಖವನ್ನು ಈ ಸಲ ಯಾರೂ ಮುಚ್ಚಬಾರದು, ಆ ಸೆರಗು ಅವಳದು ಎಂದು ಅವಳು ಬದುಕಿರುವಾಗಲೇ ನಾಲ್ಕು ಜನಕ್ಕೆ ಗೊತ್ತಾಗಬೇಕು. ನನಗೆ ಬೇಕಾಗಿದ್ದು ಇಷ್ಟೇ.

ಸೇಡಿಗೂ ಒಂದು ಧರ್ಮವಿದೆ, ಎದುರಿನವರಿಗೆ ಒಂದು ಅವಕಾಶ ಕೊಡಬೇಕು. ಎರಡು ದಿನ ಬಿಟ್ಟು ಫೋನ್ ಮಾಡಿ ಕೇಳಿದೆ. "ಈ ಅರಮನೆ ಸೆರಗ ನೇಯ್ದವರ ಹೆಸರ ಹಾಕೂಣೇನ್ರಿ? ಈಗೆಲ್ಲಾ ಗಿರಾಕಿಗೋಳ ಅದನ್ನ ಕೇಳ್ತಾರ."

"ಯಾರ ನೇಯ್ದಾರೋ ಯಾರಿಗ ಗೊತ್ತರಿ," ಎಂದು ಅವರು ನಕ್ಕರು. "ಮತ್ತ ನೇಕಾರರ ಹೆಸರ ಹಾಕಿದ್ರ ನಾಳೆ ಗಿರಾಕಿ ಸೀದಾ ಅವರ ಮನಿಗೇ ಹೋಗ್ತಾರ. ನಾವ್ ಏನ್ ಭಜನಿ ಮಾಡೂದ? ಅರಮನಿ ಅಂತನ ಬರೀರಿ."

ಬರೆದೆ. ಅರಮನೆಯ ಕಥೆಯನ್ನು ಒಂದೊಂದೇ ಅಕ್ಷರ ಒತ್ತಿ ಬರೆದೆ, ಕೀಬೋರ್ಡಿನ ಕೀಲಿ ಮುರಿಯದೆ ಇದ್ದದ್ದೇ ಪುಣ್ಯ. ಅವಕಾಶ ಕೊಟ್ಟಾಗಿತ್ತು, ಇನ್ನು ನನ್ನ ಮೇಲೆ ಯಾವ ಋಣವೂ ಇರಲಿಲ್ಲ.

ಮುಖಪುಟ ಹೇಗಿರಬೇಕು ಎಂಬ ವಿಷಯದಲ್ಲಿ ಅವರಿಗೆ ಒಂದು ಆಸೆಯಿತ್ತು. ಪುಣೆಯ ಯಾವುದೋ ಒಡವೆ ಅಂಗಡಿಯ ಸೈಟಿನಲ್ಲಿ ಫೋಟೋ ಮೊದಲು ಮಸುಕಾಗಿದ್ದು ಮೆಲ್ಲಗೆ ಸ್ಪಷ್ಟವಾಗುವುದನ್ನು ನೋಡಿದ್ದರು. "ಚಳಿಗಾಲದಾಗ ಹೊಳಿ ದಂಡಿ ಮ್ಯಾಲ ಮಂಜ ಸರದಂಗ ನಮ್ಮ ಮನೆತನ ಕಾಣಬೇಕ್ರಿ," ಎಂದರು. ಮಂಜಿನಿಂದ ಎದ್ದು ಬರುವ ಮನೆತನ. ನಾನು ಹೂಂ ಎಂದು ಮಾಡಿ ಕಳಿಸಿದೆ. ಮರುದಿನವೇ ಫೋನ್ ಬಂತು.

"ಅಕ್ಕಾರ, ನಡುವ ಛಲೋ ಐತಿ. ಅಂಚಿಗೆಲ್ಲಾ ಹೊಗಿ ಹಿಡದಂಗ ಆಗೇತಲ್ರಿ. ಸೆರಗ ತಿಂದ ಹಾಕೇತಿ."

ಅವರು ಹೇಳಿದ್ದು ಖರೆ. ಇದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಎದುರಾಗುವ ತಂಟೆ. ಬ್ಲರ್ ಮಾಡುವುದೆಂದರೆ ಫೋಟೋದ ಪ್ರತಿಯೊಂದು ಚುಕ್ಕಿಯ ಬಣ್ಣವನ್ನು ಅದರ ಅಕ್ಕಪಕ್ಕದ ಚುಕ್ಕಿಗಳ ಬಣ್ಣದ ಜೊತೆ ಕಲೆಸುವುದು. ನಡುವಿನ ಚುಕ್ಕಿಗೆ ಸುತ್ತಲೂ ನೆರೆಹೊರೆ ಇರುತ್ತದೆ. ಅಂಚಿನ ಚುಕ್ಕಿಗೆ ಒಂದು ಕಡೆ ಏನೂ ಇಲ್ಲ, ಬರೀ ಬಯಲು. ಅದು ಬಯಲಿನ ಜೊತೆಯೇ ಕಲೆತು ಅರ್ಧ ಮಾಯವಾಗುತ್ತದೆ, ದಡಿ ಇಲ್ಲದ ಬಟ್ಟೆ ಎಳೆ ಬಿಟ್ಟ ಹಾಗೆ ಫೋಟೋದ ಅಂಚು ಪಿಸಿದುಕೊಳ್ಳುತ್ತದೆ. ಇದಕ್ಕೆ ಎಲ್ಲರೂ ಮಾಡುವ ಮದ್ದು ಒಂದಿದೆ. ಫೋಟೋವನ್ನು ಸ್ವಲ್ಪ ಜೂಮ್ ಮಾಡಿ, ಚೌಕಟ್ಟಿನಿಂದ ಹೊರಗೆ ಚಾಚಿದ ಭಾಗವನ್ನು ಮುಚ್ಚಿಬಿಡುವುದು. ಕೆಟ್ಟ ಅಂಚು ಹೊರಗೆ ಹೋಗುತ್ತದೆ, ಒಳಗೆ ಕಾಣುವುದೆಲ್ಲ ನೀಟಾಗಿರುತ್ತದೆ. ಅಂಚಿನಲ್ಲಿ ಏನಿತ್ತು, ಯಾರಿದ್ದರು ಎಂದು ಯಾರೂ ಕೇಳುವುದಿಲ್ಲ.

ಆ ಮದ್ದನ್ನು ನಾನು ಬೇಕೆಂದೇ ಹಾಕಿ ಕಳಿಸಿದೆ. ಜೂಮ್ ಆದ ಫೋಟೋದಲ್ಲಿ ಅವ್ವನ ಅರ್ಧ ಮುಖ ಹೋಗಿತ್ತು, ಅವಳ ಜೊತೆಗೆ ಸೆರಗಿನ ಕೊನೆಯ ಸಾಲು ಗುಬ್ಬಿ ಹೆಜ್ಜೆಗಳೂ ಹೋಗಿದ್ದವು. ಸಾವಕಾರಿಕೆ ಮಾಡುವವರ ಕಣ್ಣು ನನಗೆ ಗೊತ್ತು. ಬಟ್ಟೆ ಕೈಗೆ ಬಂದರೆ ಒಡಲು ನೋಡುವ ಮೊದಲು ಅಂಚು ಎಳೆದು ನೋಡುತ್ತಾರೆ. ಹೆಣ್ಣು ನೋಡಲು ಹೋದ ಮನೆಯಲ್ಲೂ ಚಾದರಿನ ಅಂಚು ಸವರಿ ನೋಡುವ ಜನ. ನಾನು ಎಣಿಸಿದ ಹಾಗೆಯೇ ಅವರು ಫೋನಿಗೆ ಕಾಯದೆ ಸ್ವತಃ ಬಂದರು, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಶುರು ಮಾಡಿದರು.

"ಸೆರಗ ಕಟ್ ಆಗೇತ್ರಿ. ಈ ಸೀರಿ ಹೋಗೂದ ಸೆರಗಿನ ಮ್ಯಾಲ. ನಮ್ಮ ಮುಖಾ ಒಂದ ಗಳಿಗಿ ತಡಾ ಆಗಿ ಕಂಡ್ರೂ ನಡೀತೈತಿ, ಸೆರಗ ಮಾತ್ರ ಮೊದಲಿಂದನ ಕಾಣಬೇಕು. ಅಂಚ ಒಟ್ಟ ಕೆಡಬಾರದು."

"ಮೊದಲಿಂದನ?" ಎಂದು ಕೇಳಿದೆ.

"ಮೊದಲಿಂದನ."

"ಆತ್ರಿ," ಎಂದೆ.

ಅವರು ಹೋದ ಮೇಲೆ ನಾನು ಕೋಣೆಯಲ್ಲಿ ಒಬ್ಬಳೇ ನಕ್ಕೆ. ಅದುವರೆಗೆ ನನ್ನ ತಲೆಯಲ್ಲಿ ಇದ್ದದ್ದೆಲ್ಲ ಕೆಟ್ಟ ಯೋಚನೆಗಳೇ. ಅಂಗಡಿ ತೆರೆಯುವ ದಿನ ಸೈಟ್ ಬಂದ್ ಮಾಡಬಹುದಿತ್ತು. ಅರಮನೆಯ ಕಥೆಯ ಜಾಗದಲ್ಲಿ ನಿಜ ಬರೆಯಬಹುದಿತ್ತು. ಆದರೆ ಹಾಗೆ ಮಾಡಿದರೆ ಹೆಸರು ಕೆಡುವುದು ನನ್ನದು, ಅವರು ಬಿಜಾಪುರದಿಂದ ಇನ್ನೊಬ್ಬರನ್ನು ಕರೆಸಿ ಅವ್ವನ ಮುಖದ ಮೇಲೆ ಮತ್ತೆ ಮುದ್ರೆ ಒತ್ತಿಸುತ್ತಿದ್ದರು. ಈಗ ಅವರೇ ದಾರಿ ತೋರಿಸಿ ಹೋಗಿದ್ದರು. ನಾನು ಮಾಡಬೇಕಾದದ್ದು ಕೆಟ್ಟ ಕೆಲಸವಲ್ಲ, ನನ್ನ ಜನ್ಮದಲ್ಲೇ ಎಲ್ಲಕ್ಕಿಂತ ಒಳ್ಳೆಯ ಕೆಲಸ.

ಆ ಕೆಲಸ ಹೀಗೆ. ಒಂದೇ ಫೋಟೋವನ್ನು ಎರಡು ಸಲ ಇಟ್ಟೆ, ಒಂದರ ಮೇಲೆ ಒಂದು. ಕೆಳಗಿನದು ಇದ್ದದ್ದು ಇದ್ದ ಹಾಗೆ, ಸ್ಪಷ್ಟವಾಗಿ. ಮೇಲಿನದನ್ನು ಪೂರ್ತಿ ಬ್ಲರ್ ಮಾಡಿ, ನಾಲ್ಕೂ ಅಂಚಿನಲ್ಲಿ ಅದು ಇಲ್ಲವಾಗುವ ಹಾಗೆ ಮರೆಮಾಡಿದೆ. ಆಗ ಅಂಚಿನಲ್ಲಿ ಕಾಣುವುದು ಕೆಳಗಿನ ಸ್ಪಷ್ಟ ಫೋಟೋ, ನಡುವೆ ಕಾಣುವುದು ಮೇಲಿನ ಮಂಜು. ಆಮೇಲೆ ಮೇಲಿನದು ಮೆಲ್ಲಗೆ ಕರಗಿ ಹೋದರೆ ನಡುವೆಯೂ ತಿಳಿಯಾಗುತ್ತದೆ. ಅಂಚು ಒಂದು ಕ್ಷಣಕ್ಕೂ ಪಿಸಿಯುವುದಿಲ್ಲ. ಬ್ಲರನ್ನೇ ಹೆಚ್ಚು ಕಡಿಮೆ ಮಾಡುತ್ತ ಕೂತರೆ ಹಳೆಯ ಫೋನುಗಳು ಮುಗ್ಗರಿಸುತ್ತವೆ, ಇದರಲ್ಲಿ ಆ ಭಾರವೂ ಇಲ್ಲ. ಬಲಕ್ಕೆ, ಮೇಲೆ, ಕೆಳಗೆ ಒಂದೊಂದು ದಾರದಷ್ಟು ಅಂಚು ಬಿಟ್ಟೆ. ಎಡಕ್ಕೆ ಮಾತ್ರ ಸೆರಗಿನ ಪೂರ್ತಿ ಅಗಲ ಬಿಟ್ಟೆ, ಕೇಳಿದ್ದು ಅವರೇ ತಾನೆ. ಸೆರಗಿನ ಅಗಲವೂ ಅದನ್ನು ಹಿಡಿದು ನಿಂತವಳ ಅಗಲವೂ ಬರೋಬ್ಬರಿ ಒಂದೇ ಆಗಿತ್ತು. ಅಂಗಡಿಯ ಮುದ್ರೆಯನ್ನು ಬಲಮೂಲೆಗೆ, ಕಂಬದ ಮೇಲೆ ಕೂರಿಸಿದೆ.

ತೆರೆದು ನೋಡಿದೆ. ಪುಟ ಬರುತ್ತಲೇ ಎಡಗಡೆ ಅವ್ವ, ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟ, ಕೈಯಲ್ಲಿ ಗುಬ್ಬಿ ಹೆಜ್ಜೆಯ ಸೆರಗು. ಅವಳ ಪಕ್ಕದಿಂದ ಶುರುವಾಗಿ ಕಂಬದವರೆಗೆ ಸಾವಕಾರರ ಮನೆತನವೆಲ್ಲ ಕಲಸಿದ ಹಿಟ್ಟು. ಯಾರ ಮೂಗು ಯಾರದು, ಯಾರ ಮೀಸೆ ಯಾರದು ಎಂದು ತಿಳಿಯದು. ಸ್ವಲ್ಪ ಹೊತ್ತಿನ ಮೇಲೆ ಅವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮುಖ ಸಿಕ್ಕವರ ಹಾಗೆ ಹೊರಗೆ ಬಂದರು. ನಾನು ಅದನ್ನು ಮತ್ತೆ ಮತ್ತೆ ತೆರೆದು ನೋಡಿದೆ. ಹೊಟ್ಟೆ ತಣ್ಣಗಾಯಿತು ಅನ್ನುತ್ತಾರಲ್ಲ, ಅದು ಏನು ಎಂದು ಅವತ್ತು ತಿಳಿಯಿತು.

ಸಣ್ಣ ಸಾವಕಾರರು ನೋಡಲು ಬಂದರು. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ, ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು ಎಡಗಡೆಯನ್ನೇ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ಹೆಬ್ಬೆರಳು ತೋರುಬೆರಳು ಎರಡನ್ನೂ ಪರದೆಗೆ ಹಚ್ಚಿ, ಸೆರಗಿನ ತುದಿಯನ್ನು ಹೊಸಕಿ ನೋಡಿದರು. ಗಾಜು ಎಂಬುದು ಮರೆತೇ ಹೋಗಿತ್ತು.

"ಎಳಿ ಎಳಿ ಕಾಣ್ತೈತಿ," ಎಂದರು. "ಬರೋಬ್ಬರಿ ಆತು."

ಆ ಎಳೆಗಳ ಮೇಲೆ ಎರಡು ಬೆರಳಿನ ಅಂತರದಲ್ಲಿ ಒಬ್ಬ ಹೆಂಗಸು ಅವರನ್ನೇ ದಿಟ್ಟಿಸಿ ನೋಡುತ್ತಿದ್ದಳು. ಅವರಿಗೆ ಕಾಣಲಿಲ್ಲ. ಸಿಕ್ಕಿಬೀಳಲಿಲ್ಲ ಎಂದು ಸಮಾಧಾನವಾಗಬೇಕಿತ್ತು, ನನಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಅಂಗಡಿ ಪೂಜೆಯ ದಿನ ದೊಡ್ಡ ಟಿವಿ ಇಡುತ್ತೇವೆ, ಅದರಲ್ಲಿ ಈ ಪುಟ ತಾನಾಗಿ ಮತ್ತೆ ಮತ್ತೆ ತೆರೆದುಕೊಳ್ಳುವಂತೆ ಮಾಡಿಕೊಡಿ ಎಂದು ಕೇಳಿದರು. ಸಂತೋಷವಾಗಿ ಮಾಡಿಕೊಟ್ಟೆ.

ಪೂಜೆಗೆ ಅವ್ವನನ್ನು ಕರೆದೆ. ಒಲ್ಲೆ ಎಂದಳು. ಹಳೆಯ ಓಣಿಯವರೆಲ್ಲ ಬರುತ್ತಾರೆ ಎಂದ ಮೇಲೆ ಒಪ್ಪಿದಳು. ಟಿವಿಯ ವಿಷಯ ನಾನು ಹೇಳಲಿಲ್ಲ. ನಾನು ನನ್ನ ಮಾತನ್ನು ತಯಾರು ಮಾಡಿಕೊಂಡಿದ್ದೆ. ದೊಡ್ಡ ಸಾವಕಾರರ ಎದುರು ನಿಂತು, ಇಡೀ ಅಂಗಡಿಗೆ ಕೇಳುವ ಹಾಗೆ, ಅವರ ಅಪ್ಪ ಅಜ್ಜಂದಿರ ಅರಮನೆಯನ್ನು ಕಲ್ಲು ಕಲ್ಲಾಗಿ ಕೆಡವುವ ಮಾತು. ಸ್ನಾನದ ಮನೆಯಲ್ಲಿ ಎಷ್ಟು ಸಲ ಆಡಿ ನೋಡಿದ್ದೆನೋ ಲೆಕ್ಕವಿಲ್ಲ. ಬಾಗಿಲ ಹೊರಗಿನಿಂದ ಗಂಡ, "ಯಾರ ಜೋಡಿ ಜಗಳ ಆಡಾಕತ್ತೀ?" ಎಂದು ಕೇಳುತ್ತಿದ್ದರು.

ಹೊಸ ಅಂಗಡಿಯಲ್ಲಿ ಶಿರಾ, ಮಿರ್ಚಿ ಭಜಿಯ ವಾಸನೆ ತುಂಬಿತ್ತು. ಪೂಜೆಯ ಊಟಕ್ಕೆ ನೇಕಾರರನ್ನು ಕರೆಯುವುದು ವಾಡಿಕೆ, ಬನಹಟ್ಟಿಯಿಂದ ಒಂದು ಟೆಂಪೋ ತುಂಬ ಬಂದಿದ್ದರು. ಅವರನ್ನು ಹಿಂದಿನ ಗೋಡೆಗೆ ಹಾಸಿದ ಜಮಖಾನೆಯ ಮೇಲೆ ಕೂರಿಸಿದ್ದರು, ಟಿವಿ ಸರಿಯಾಗಿ ಅವರ ಎದುರಿಗೇ ಇತ್ತು. ನಾನೂ ಅವ್ವನೂ ಒಳಗೆ ಹೋಗುವ ಹೊತ್ತಿಗೆ ಹೆಂಗಸರು ತಾಟು ಕೈಯಲ್ಲಿ ಹಿಡಿದು ತಿನ್ನುವುದನ್ನು ಮರೆತಿದ್ದರು.

"ಬಂದ್ಲ ನೋಡ ಮತ್ತ," ಎಂದಳು ನಮ್ಮ ಹಳೆಯ ಪಕ್ಕದ ಮನೆಯ ಮುದುಕಿ. ಟಿವಿಯಲ್ಲಿ ಅವ್ವ ಕಂಡಳು. "ಈಗ ಸಾವಕಾರ್ರು ಬರ್ತಾರ ತಡಿ. ಇನ್ನೂ ಬಂದಿಲ್ಲ. ಹಾಂ, ಬಂದ್ರು." ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟು ನಕ್ಕರು. ಆಮೇಲೆ ಬಾಗಿಲಲ್ಲಿ ನಿಂತ ಅವ್ವನನ್ನು ನೋಡಿ ನಗು ಇನ್ನೂ ಹೆಚ್ಚಾಯಿತು. ಅವ್ವ ಟಿವಿ ನೋಡಿದಳು. ಒಂದು ಸಲ ಪೂರ್ತಿ ನೋಡಿದಳು, ಪುಟ ಮತ್ತೆ ತೆರೆದುಕೊಂಡಾಗ ಎರಡನೆಯ ಸಲವೂ ನೋಡಿದಳು. ಆಮೇಲೆ ಹೋಗಿ ಮುದುಕಿಯ ಪಕ್ಕ ಕೂತಳು.

ನಗು ಕೇಳಿ ಸಣ್ಣ ಸಾವಕಾರರು ಬಂದರು. ಈ ಸಲ ದೂರದಲ್ಲಿ ನಿಂತು, ಬಟ್ಟೆಯನ್ನಲ್ಲ, ಫೋಟೋವನ್ನು ನೋಡಿದರು. ಅವರ ಮುಖ ಇಳಿಯಿತು. ನನ್ನನ್ನು ಪಕ್ಕಕ್ಕೆ ಕರೆದರು.

"ಅಕ್ಕಾರ, ಆ ಹೆಣ್ಮಗಳು ಯಾಕ ಮೊದಲ ಕಾಣಾಕತ್ತಾಳ?"

"ಸೆರಗ ಮೊದಲಿಂದನ ಕಾಣಬೇಕಂದ್ರೆಲ್ಲರಿ. ಸೆರಗ ಅಕಿ ಕೈಯಾಗ ಐತಿ."

"ಅಕಿ ಮುಖದ ಮ್ಯಾಲ ಏನರ ಹಾಕ್ರಿ."

ಅದಕ್ಕೆ ನಾನು ಉತ್ತರ ಕೊಡುವ ಮೊದಲೇ ಸೊಲ್ಲಾಪುರದಿಂದ ಬಂದಿದ್ದ ಒಬ್ಬ ದೊಡ್ಡ ವ್ಯಾಪಾರಿ ಜಮಖಾನೆಯ ಕಡೆ ನಡೆದಿದ್ದರು. ಅವರು ಟಿವಿಯನ್ನೂ ಅವ್ವನನ್ನೂ ತಾಳೆ ನೋಡಿ, ಮರಾಠಿ ಬೆರೆತ ಕನ್ನಡದಲ್ಲಿ, "ಮಾವಶಿ, ಫೋಟೋದಾಗ ನೀವ ಅಲ್ಲಾ?" ಎಂದು ಕೇಳುತ್ತಿದ್ದರು. ಸುತ್ತ ಜನ ಸೇರಿದರು. ಗಾದಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದ ದೊಡ್ಡ ಸಾವಕಾರರು ಕೈಕೋಲು ಊರಿ ಎದ್ದರು. ತುಂಬ ಮುದುಕರಾಗಿದ್ದರು, ಕುತ್ತಿಗೆ ಅಲುಗುತ್ತಿತ್ತು. ಮೆಲ್ಲಗೆ ಅಲ್ಲಿಗೆ ಬಂದು ಟಿವಿಯನ್ನು ನೋಡಿದರು.

"ಯಾರವಾ ಇಕಿ?" ಎಂದರು.

ನನ್ನ ಹೊತ್ತು ಬಂದಿತ್ತು. ಇಷ್ಟು ವರ್ಷ ಕಾದಿಟ್ಟಿದ್ದ ಮಾತು. ಬಾಯಿ ತೆರೆದರೆ ಬಂದದ್ದು ಅಳು. ಆಗ ಅವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತಳು.

"ನಾನ್ರಿ," ಎಂದಳು. "ಸೀರಿನೂ ನಾನ ನೇಯ್ದಿದ್ದು. ಅದು ಅರಮನಿ ಸೆರಗಲ್ರಿ. ಗುಬ್ಬಿ ಹೆಜ್ಜಿ. ನಮ್ಮ ಪಡಸಾಲ್ಯಾಗ ಹುಟ್ಟಿದ್ದು."

ಸೊಲ್ಲಾಪುರದವರು ಸಣ್ಣ ಸಾವಕಾರರ ಕಡೆ ತಿರುಗಿ ನೋಡಿದರು. ಸಣ್ಣ ಸಾವಕಾರರು ಭಜಿಯ ತಾಟು ನೋಡಿದರು. ಜಮಖಾನೆಯ ಮೇಲಿನ ಹೆಂಗಸರು ಹೌದು ಹೌದು ಎಂದರು. ಇನ್ನು ಆ ಮುಖದ ಮೇಲೆ ಯಾರೂ ಏನೂ ಹಾಕುವ ಹಾಗಿರಲಿಲ್ಲ, ಅಷ್ಟು ಜನ ನೋಡಿ ಆಗಿತ್ತು.

ದೊಡ್ಡ ಸಾವಕಾರರು ಮಾತ್ರ ಅವ್ವನ ಮುಖವನ್ನೇ ನೋಡುತ್ತ ಬಹಳ ಹೊತ್ತು ನಿಂತರು. "ಹೌದೇನವಾ," ಎಂದರು ಕೊನೆಗೆ. "ನನಗ ನೆನಪ ಬರವಲ್ದು. ಊಟಾ ಮಾಡಿ ಹೋಗ." ಅಷ್ಟೇ. ಕೋಲು ಊರಿಕೊಂಡು ಹೋಗಿ ಮತ್ತೆ ದಿಂಬಿಗೆ ಒರಗಿದರು.

ಆಟೋದಲ್ಲಿ ಮನೆಗೆ ಹೊರಟಾಗ ನಾನು ಕುದಿಯುತ್ತಿದ್ದೆ. ನೆನಪೇ ಇಲ್ಲವಂತೆ. ನನ್ನ ಅರ್ಧ ಆಯುಷ್ಯ ಆ ಒಂದು ಮಾತನ್ನು ಹೊತ್ತು ತಿರುಗಿದೆ, ಆಡಿದವನಿಗೆ ಅದು ಉಗುಳಿ ಮರೆತ ಎಲೆ ಅಡಿಕೆ. ನಾಚಿಕೆಯೂ ಪಡಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಇಂಥವರ ಮೇಲೆ ಸೇಡು ತೀರಿಸಿಕೊಳ್ಳುವುದಾದರೂ ಹೇಗೆ? ಎದುರಿಗೆ ಕಬ್ಬು ಹೇರಿದ ಟ್ರಾಕ್ಟರೊಂದು ರಸ್ತೆಗೆ ಅಡ್ಡವಾಗಿ ನಿಂತಿತ್ತು, ಆಟೋ ಮುಂದೆ ಹೋಗಲು ದಾರಿಯಿರಲಿಲ್ಲ. ಅವ್ವ ಇನ್ನೇನು ಹೋಗ್ಲಿ ಬಿಡ ಎನ್ನುತ್ತಾಳೆ ಎಂದು ನಾನು ಕಾದೆ. ಹಾಗೆಂದರೆ ಅವಳ ಮೇಲೂ ಕೂಗಾಡಲು ಸಿದ್ಧಳಾಗಿದ್ದೆ.

"ಆ ಟಿವ್ಯಾಗ ಅವರ ಮುಖದ ಮ್ಯಾಲ ಮಂಜ ಬರ್ತೈತಲ್ಲ," ಎಂದಳು ಅವ್ವ. "ಅದು ಎಷ್ಟ ಹೊತ್ತ ಇರ್ತೈತಿ?"

"ಎರಡ ಸೆಕೆಂಡ."

ಅವಳು ಟ್ರಾಕ್ಟರಿನ ಕಬ್ಬಿನ ಕಡೆ ನೋಡಿದಳು.

"ಜಾಸ್ತಿ ಮಾಡಾಕ ಬರ್ತೈತೇನ?"

ನಾನು ಅವಳ ಕಡೆ ತಿರುಗಿದೆ. ಫೋಟೋದಲ್ಲಿ ಇದ್ದ ಅದೇ ಕಣ್ಣು, ನಗುವಿಲ್ಲ, ನೀರಿಲ್ಲ. "ಬರ್ತೈತಿ ಬೇ ಯವ್ವಾ. ಯಾಕ?"

"ಮಾಡ. ಅವರ ಮುಖಾ ನೋಡೂದಕ್ಕ ಮಂದಿಗೇನ ಅಷ್ಟ ಅವಸರ ಇಲ್ಲ."

ಎರಡು ಸೆಕೆಂಡಿಗಿಂತ ಹೆಚ್ಚು ಕಾಯಿಸಿದರೆ ನೋಡುವವರು ಬೇಸತ್ತು ಹೋಗುತ್ತಾರೆ ಎಂಬುದು ನಮ್ಮ ಕಸುಬಿನ ಪಾಠ. ಅದನ್ನು ಅವ್ವನಿಗೆ ಹೇಳಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪ್ ತೆರೆದೆ. ಅವ್ವ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ನಾನು ಹೊತ್ತನ್ನು ಏರಿಸಿ ಪುಟ ತೆರೆದು ತೋರಿಸಿದೆ, ಸಾವಕಾರರು ಮಂಜಿನಿಂದ ಹೊರಗೆ ಬಂದರು. ಅವ್ವ ತಲೆ ಅಲ್ಲಾಡಿಸಿದಳು.

"ಇನ್ನ ಸ್ವಲ್ಪ," ಎಂದಳು.